ಅಣುವಿನ ಲೆಕ್ಕ ಇಡುವವರ ಮನೆಯಲ್ಲಿ ಒಂದು ಗಂಟೆ: ವಿಯೆನ್ನಾದ ವಿಶ್ವಸಂಸ್ಥೆ ಟೂರ್

ಮೊದಲಿಗೇ ಹೇಳಿಬಿಡುತ್ತೇನೆ, ಪಾಸ್‌ಪೋರ್ಟ್ ಇಟ್ಟುಕೊಂಡೇ ಹೋಗಿ. ಊರು ಸುತ್ತುವಾಗ ಎಲ್ಲಾದರೂ ಬಿದ್ದುಹೋದರೆ ಏನು ಗತಿ ಅಂತ ನನ್ನ ಹೆಂಡತಿ ನಮ್ಮಿಬ್ಬರ ಪಾಸ್‌ಪೋರ್ಟನ್ನೂ ಮಗಳ ಮನೆಯ ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದಳು. ಮೆಟ್ರೋ ಸ್ಟೇಷನ್ ಮುಟ್ಟಿದ ಮೇಲೆ ಅಳಿಯ ಕೇಳಿದ, "ಮಾವ, ಪಾಸ್‌ಪೋರ್ಟ್ ತಂದಿದ್ದೀರಲ್ಲ?" ಮತ್ತೆ ಮನೆಗೆ ಓಡಿ ತಂದೆವು. ಬುಕ್ ಮಾಡಿದ ಹೊತ್ತಿಗೆ ಹತ್ತು ನಿಮಿಷ ಇರುವಾಗ ಗೇಟ್ ಒಂದರ ಮುಂದೆ ನಿಂತಿದ್ದೆವು. ಎದೆ ಡವಡವ ಅನ್ನುತ್ತಿತ್ತು. ಓಡಿ ಬಂದಿದ್ದಕ್ಕೆ ಮಾತ್ರ ಅಲ್ಲ. ಈ ಜಾಗ ನೋಡಬೇಕು ಅಂತ ನಾನು 39 ವರ್ಷದಿಂದ ಆಸೆ ಇಟ್ಟುಕೊಂಡಿದ್ದೆ.

ಜಾಗ ಯಾವುದು ಅಂದರೆ, ವಿಯೆನ್ನಾದ ಡ್ಯಾನ್ಯೂಬ್ ನದಿ ಆಚೆಗಿರುವ ವಿಶ್ವಸಂಸ್ಥೆಯ ಕಟ್ಟಡಗಳು. ವಿಯೆನ್ನಾ ಇಂಟರ್‌ನ್ಯಾಷನಲ್ ಸೆಂಟರ್ ಅನ್ನುತ್ತಾರೆ. ಯು1 ಮೆಟ್ರೋ ಹತ್ತಿ ಕೈಸರ್‌ಮ್ಯೂಲೆನ್ ಸ್ಟೇಷನ್‌ನಲ್ಲಿ ಇಳಿದರೆ ಎದುರಿಗೇ ಕಾಣುತ್ತದೆ. ಬಿಲ್ಲಿನ ಹಾಗೆ ಬಾಗಿದ ಎತ್ತರದ ಕಟ್ಟಡಗಳು, ನಡುವೆ ಕಾರಂಜಿ, ಸುತ್ತ ಎಲ್ಲ ದೇಶಗಳ ಬಾವುಟ. 1979ರಲ್ಲಿ ಆಸ್ಟ್ರಿಯಾ ಸರ್ಕಾರ ಕಟ್ಟಿಸಿ ವಿಶ್ವಸಂಸ್ಥೆಗೆ 99 ವರ್ಷಕ್ಕೆ ಬಾಡಿಗೆಗೆ ಕೊಟ್ಟಿತು. ಬಾಡಿಗೆ ವರ್ಷಕ್ಕೆ ಒಂದು ಶಿಲ್ಲಿಂಗ್. ಈಗಿನ ಯೂರೋ ಲೆಕ್ಕದಲ್ಲಿ 7 ಸೆಂಟ್. ಪ್ರಪಂಚದ ಅಣುಶಕ್ತಿಗೆಲ್ಲ ಲೆಕ್ಕ ಇಡುವ ಐಎಇಎ, ಅಂದರೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಇರುವುದು ಇಲ್ಲೇ. ಸಾಮಾನ್ಯ ಜನರಿಗೆ ಗೈಡ್ ಜೊತೆ ಸುಮಾರು ಒಂದು ಗಂಟೆಯ ಟೂರ್ ಇದೆ. ಇಂಗ್ಲಿಷಿನಲ್ಲೂ ಜರ್ಮನ್‌ನಲ್ಲೂ ಮಾಡುತ್ತಾರೆ. ಶನಿವಾರ ಭಾನುವಾರ ಇಲ್ಲ. ನಾವು ಹೋಗಿದ್ದು 2025ರ ಅಕ್ಟೋಬರ್ ಕೊನೆಯ ವಾರ. ಮೊಮ್ಮಗನಿಗೆ ಶಾಲೆಗೆ ರಜೆ ಇತ್ತು, ಅವನನ್ನೂ ಕರೆದುಕೊಂಡು ಹೋದೆವು.

39 ವರ್ಷದ ಕಥೆ ಹೇಳದಿದ್ದರೆ ಈ ರಿವ್ಯೂ ಅರ್ಧ ಆಗುತ್ತದೆ.

ನಾನು ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಫ್ಯೂಯಲ್ ಹ್ಯಾಂಡ್ಲಿಂಗ್, ಅಂದರೆ ಇಂಧನ ಹಾಕಿ ತೆಗೆಯುವ ವಿಭಾಗ. ಕೈಗಾಗೆ ಬರುವ ಮೊದಲು ನಮ್ಮನ್ನು ಟ್ರೇನಿಂಗ್‌ಗೆ ರಾಜಸ್ಥಾನದ ರಾವತ್‌ಭಾಟಾಕ್ಕೆ ಕಳಿಸಿದ್ದರು. 1986. ಅಲ್ಲಿನ ಮೊದಲ ಎರಡು ರಿಯಾಕ್ಟರುಗಳು ಕೆನಡಾ ಸಹಾಯದಿಂದ ಶುರುವಾದವು. ಹಾಗಾಗಿ ಅವು ಐಎಇಎ ತಪಾಸಣೆಗೆ ಒಳಪಟ್ಟಿದ್ದವು. ಒಂದು ದಿನ ವಿಯೆನ್ನಾದಿಂದ ಇನ್ಸ್‌ಪೆಕ್ಟರ್ ಬಂದಿದ್ದಾರೆ ಅಂತ ಸುದ್ದಿ ಬಂತು. ನಮಗೆಲ್ಲ ಒಂಥರಾ ಭಯ, ಒಂಥರಾ ಕುತೂಹಲ. ಬಂದವರು ಸಣ್ಣಗೆ, ಕನ್ನಡಕ ಹಾಕಿಕೊಂಡು, ಬ್ಯಾಂಕಿನ ಗುಮಾಸ್ತರ ಥರ ಇದ್ದರು. ಬಳಸಿದ ಇಂಧನದ ಬಂಡಲ್‌ಗಳನ್ನು ನೀರಿನ ಕೊಳದಲ್ಲಿ ಇಡುತ್ತೇವಲ್ಲ, ಅದರ ದಂಡೆಯಲ್ಲಿ ನಿಂತು ಅವರು ಬಂಡಲ್‌ಗಳನ್ನು ಎಣಿಸಿದರು. ನಮ್ಮ ರಿಜಿಸ್ಟರ್ ನೋಡಿದರು, ಮತ್ತೆ ಎಣಿಸಿದರು. ಗೋಡೆ ಮೇಲೆ ಕ್ಯಾಮೆರಾ ಇಟ್ಟ ಒಂದು ಪೆಟ್ಟಿಗೆ. ಅದಕ್ಕೆ ತಂತಿ, ತಂತಿಯ ತುದಿಗೆ ಒಂದು ಸೀಲು. ಹಳೆಯ ಒಂದು ರೂಪಾಯಿ ನಾಣ್ಯದಷ್ಟು ದೊಡ್ಡದು, ತಾಮ್ರ ಹಿತ್ತಾಳೆಯ ಮುಚ್ಚಳ. ನಾನೂ ನನ್ನ ಜೊತೆಗಾರನೂ ಟಾರ್ಚ್ ಹಿಡಿದಿದ್ದೆವು. ಅವರು ತಂತಿ ಕತ್ತರಿಸಿ ಆ ಸೀಲನ್ನು ಒಂದು ಚೀಲದಲ್ಲಿ ಹಾಕಿ, ನಂಬರ್ ಬರೆದು, ಹೊಸದನ್ನು ಕಟ್ಟಿದರು.

"ಇದನ್ನು ಯಾರಾದರೂ ಬಿಚ್ಚಿದ್ದಾರೆ ಅಂತ ಹೇಗೆ ಗೊತ್ತಾಗುತ್ತದೆ?" ಅಂತ ನನ್ನ ಜೊತೆಗಾರ ಕೇಳಿದ. "ವಿಯೆನ್ನಾದಲ್ಲಿ ಗೊತ್ತಾಗುತ್ತದೆ," ಅಂದರು. ಅಷ್ಟೇ. ನಕ್ಕರು, ಹೋದರು.

ಆ ಮಾತು ನನ್ನ ತಲೆಯಲ್ಲಿ ಹಾಗೇ ಉಳಿದುಬಿಟ್ಟಿತು. ವಿಯೆನ್ನಾದಲ್ಲಿ ಹೇಗೆ ಗೊತ್ತಾಗುತ್ತದೆ? ಮಗಳಿಗೆ ಮದುವೆಯಾಗಿ ಅಳಿಯನಿಗೆ ಇಲ್ಲೇ ಕೆಲಸ ಸಿಕ್ಕಾಗ ನಾನು ಮೊದಲು ಕೇಳಿದ್ದು ಅರಮನೆಯ ಬಗ್ಗೆ ಅಲ್ಲ.

ಈಗ ಟೂರ್ ವಿಷಯಕ್ಕೆ ಬರುತ್ತೇನೆ. ಗೇಟಿನಲ್ಲಿ ವಿಮಾನ ನಿಲ್ದಾಣದ ಥರವೇ ತಪಾಸಣೆ. ಬೆಲ್ಟು, ನಾಣ್ಯ, ಮೊಬೈಲ್ ಎಲ್ಲ ಟ್ರೇಯಲ್ಲಿ. ನಾವು ಫ್ಲಾಸ್ಕಿನಲ್ಲಿ ಚಹಾ ಒಯ್ದಿದ್ದೆವು, ಮುಚ್ಚಳ ತೆಗೆಸಿ ನೋಡಿ ಬಿಟ್ಟರು. ಎಲ್ಲರೂ ಸಾವಧಾನವಾಗಿ ಮಾತನಾಡಿಸುತ್ತಾರೆ. ನನ್ನ ಹೆಂಡತಿಗೆ ಇಂಗ್ಲಿಷ್ ಕಡಿಮೆ. ಅವಳಿಗೆ ಕೈಸನ್ನೆಯಲ್ಲಿ, ನಗುನಗುತ್ತಾ ಹೇಳಿದರು. ನಮ್ಮ ಗುಂಪಿನಲ್ಲಿ ಹದಿನೈದು ಜನ ಇದ್ದೆವು. ಗೈಡ್ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಪಾಠ ಒಪ್ಪಿಸುವ ಗೈಡ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇವಳು ಹಾಗಲ್ಲ. ನಾವು ಏನು ಕೇಳುತ್ತೇವೆ ಅಂತ ಕಾದು, ಆ ದಾರಿಯಲ್ಲೇ ಕರೆದುಕೊಂಡು ಹೋಗುತ್ತಿದ್ದಳು.

ಬಾಹ್ಯಾಕಾಶದ ವಿಭಾಗದಲ್ಲಿ ಚಂದ್ರನ ಕಲ್ಲು ಇದೆ. ಮೊಮ್ಮಗ ಅಲ್ಲಿಂದ ಕದಲಲೇ ಇಲ್ಲ. ನನ್ನ ಹೆಂಡತಿಗೆ ಇಡೀ ಟೂರ್‌ನಲ್ಲಿ ತುಂಬಾ ಇಷ್ಟ ಆಗಿದ್ದು ಅದೇ. ಮಾದಕ ವಸ್ತುಗಳ ವಿಭಾಗದ ವಿಷಯವೂ ಬಂತು, ಚೆನ್ನಾಗಿ ಹೇಳಿದಳು. ನನ್ನ ಕಣ್ಣು ಮಾತ್ರ ಅಣುವಿನ ಕಡೆಗೇ.

ಒಂದು ಕಡೆ ದೊಡ್ಡ ಭೂಪಟ. ಅಣುಪರೀಕ್ಷೆ ನಿಷೇಧ ಒಪ್ಪಂದದ ಸಂಸ್ಥೆ, ಸಿಟಿಬಿಟಿಓ, ಅದೂ ಇಲ್ಲೇ ಇದೆ. ಭೂಮಿ ನಡುಗುವುದನ್ನು ಅಳೆಯುವುದು, ಸಮುದ್ರದೊಳಗೆ ಕಿವಿ ಕೊಡುವುದು, ನಮ್ಮ ಕಿವಿಗೆ ಕೇಳಿಸದ ಶಬ್ದ ಹಿಡಿಯುವುದು, ಗಾಳಿಯಲ್ಲಿ ವಿಕಿರಣ ಹುಡುಕುವುದು. ಹೀಗೆ ನಾಲ್ಕು ಬಗೆ. ಎಲ್ಲ ಸೇರಿ 337 ಕೇಂದ್ರಗಳ ಯೋಜನೆ, ಅದರಲ್ಲಿ ಬಹುಪಾಲು ಆಗಲೇ ಕೆಲಸ ಮಾಡುತ್ತಿವೆ. ಗೈಡ್ ಉತ್ತರ ಕೊರಿಯಾದ ಉದಾಹರಣೆ ಕೊಟ್ಟಳು. 2006ರ ಅಕ್ಟೋಬರ್ 9ರಂದು ಅವರು ಮೊದಲ ಪರೀಕ್ಷೆ ಮಾಡಿದರು. ಸ್ಫೋಟ ಚಿಕ್ಕದು. ಎರಡು ವಾರ ಕಳೆದ ಮೇಲೆ ಅದರ ಗಾಳಿ, ಕ್ಸೆನಾನ್ ಅನಿಲ, ಕೆನಡಾದ ಯೆಲ್ಲೋನೈಫ್ ಕೇಂದ್ರದಲ್ಲಿ ಸಿಕ್ಕಿತು. ಅರ್ಧ ಪ್ರಪಂಚ ದಾಟಿ ಹೋದ ಅಷ್ಟು ಅನಿಲ ಹಿಡಿದಿದ್ದಾರೆ! ಗಾಳಿಯ ಸ್ಯಾಂಪಲ್ ತೆಗೆದು ತೆಗೆದು ಕೈ ಸವೆಸಿಕೊಂಡವನು ನಾನು. ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಆ ಭೂಪಟದಲ್ಲಿ ನಮ್ಮ ದೇಶದ ಮೇಲೆ ಒಂದೂ ಚುಕ್ಕಿ ಇಲ್ಲ. ಮೊಮ್ಮಗ ಬೆರಳಿಟ್ಟು ತೋರಿಸಿದ. "ಅಜ್ಜ, ಇಲ್ಲಿ ಯಾಕೆ ಖಾಲಿ?" ನಾವು ಸಹಿ ಹಾಕಿಲ್ಲ ಪುಟ್ಟ, ಅಂದೆ. 1996ರಲ್ಲಿ ಜಿನೀವಾದಲ್ಲಿ ನಮ್ಮ ರಾಯಭಾರಿ ಅರುಂಧತಿ ಘೋಷ್ ಎದ್ದು ನಿಂತು, ಇದು ಸಮಾನರ ನಡುವಿನ ಒಪ್ಪಂದ ಅಲ್ಲ, ನಾವು ಈಗಲೂ ಸಹಿ ಹಾಕುವುದಿಲ್ಲ, ಮುಂದೆಯೂ ಹಾಕುವುದಿಲ್ಲ ಅಂದಿದ್ದರು. ಆಗ ನಮಗೆಲ್ಲ ಎಷ್ಟು ಹೆಮ್ಮೆ. ಈಗಲೂ ಅವರ ಮಾತು ತಪ್ಪು ಅನ್ನಿಸುವುದಿಲ್ಲ. ತಮ್ಮ ಬಳಿ ಸಾವಿರಗಟ್ಟಲೆ ಬಾಂಬ್ ಇಟ್ಟುಕೊಂಡವರು ಬೇರೆಯವರಿಗೆ ಬೇಡ ಅನ್ನುವುದು ನ್ಯಾಯವೇ? ಆದರೂ ಒಂಬತ್ತು ವರ್ಷದ ಮಗು ಆ ಖಾಲಿ ಜಾಗದ ಮೇಲೆ ಬೆರಳಿಟ್ಟು ನಿಂತಾಗ, ಅದೇ ಉತ್ತರವನ್ನು ಅಷ್ಟೇ ಗಟ್ಟಿಯಾಗಿ ಹೇಳಲು ನನಗೆ ಆಗಲಿಲ್ಲ.

ಆಮೇಲೆ ಐಎಇಎ. ಗೋಡೆಯ ಮೇಲೆ ಸಾಲಾಗಿ ಚಿತ್ರಗಳು. ಮೂರನೆಯದೋ ನಾಲ್ಕನೆಯದೋ ಚಿತ್ರ ನೋಡಿ ನಿಂತುಬಿಟ್ಟೆ. ಅದೇ ಸೀಲು. ನಾಣ್ಯದಷ್ಟು ಮುಚ್ಚಳ, ತಂತಿ. ನನ್ನ ಹೆಂಡತಿಯ ಕೈ ಹಿಡಿದು "ನೋಡೇ, ಇದೇ!" ಅಂದೆ. ಗುಂಪಿನವರೆಲ್ಲ ತಿರುಗಿ ನೋಡಿದರು.

ಗೈಡ್ ಬಂದು ಕೇಳಿದಳು. ನಾನು ರಾವತ್‌ಭಾಟಾದ ಕಥೆ ಹೇಳಿದೆ. ಅವಳು ಕೊಟ್ಟ ಉತ್ತರ ಇದು. ಸೀಲು ವಿಯೆನ್ನಾ ಬಿಡುವ ಮೊದಲೇ ಮುಚ್ಚಳದ ಒಳಮೈಯಲ್ಲಿ ಬೆಸುಗೆ ಹಾಕಿ, ಗೀರಿ, ಗುರುತು ಮಾಡುತ್ತಾರೆ. ಆ ಗೀರುಗಳು ಒಂದರ ಹಾಗೆ ಇನ್ನೊಂದು ಇರುವುದಿಲ್ಲ, ಬೆರಳಚ್ಚಿನ ಥರ. ಅದರ ಫೋಟೋ ತೆಗೆದು ಇಟ್ಟುಕೊಳ್ಳುತ್ತಾರೆ. ಸೀಲು ತಿಂಗಳುಗಟ್ಟಲೆ ಎಲ್ಲೋ ಒಂದು ರಿಯಾಕ್ಟರಿನಲ್ಲಿ ಇದ್ದು ವಾಪಸ್ ಬಂದ ಮೇಲೆ ಬಿಚ್ಚಿ ಹಳೆಯ ಫೋಟೋ ಜೊತೆ ಹೋಲಿಸಿ ನೋಡುತ್ತಾರೆ. ಬೇರೆ ಮುಚ್ಚಳ ಹಾಕಿದ್ದರೆ ಸಿಕ್ಕಿಬೀಳುತ್ತದೆ. ಈಗ ಹೊಸ ಬಗೆಯ ಸೀಲು ಬಂದಿದೆಯಂತೆ, ಅದನ್ನು ಇದ್ದ ಜಾಗದಲ್ಲೇ ಪರೀಕ್ಷೆ ಮಾಡಬಹುದಂತೆ.

ಇಷ್ಟೇನಾ ಅಂತ ನಿಮಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ಒಂದು ಗೀರು, ಒಂದು ಫೋಟೋ, ಒಂದು ನಂಬರ್. ದೇಶದೇಶಗಳ ನಡುವಿನ ನಂಬಿಕೆ ಇಂಥ ಚಿಕ್ಕ ಸಾಮಾನಿನ ಮೇಲೆ ನಿಂತಿದೆ ಅಂತ ನೋಡಿ ನನ್ನ ಕಣ್ಣು ತುಂಬಿತು. ಯಾಕೆಂದರೆ ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಮಾಡಿದ್ದೂ ಇಂಥದ್ದೇ ಕೆಲಸ. ಕೈಗಾದ ಒಂದು ರಿಯಾಕ್ಟರಿನಲ್ಲಿ 306 ಚಾನೆಲ್, ಅಂದರೆ ಇಂಧನ ಇಡುವ ಕೊಳವೆ, ಒಂದೊಂದರಲ್ಲಿ 12 ಬಂಡಲ್, ಒಟ್ಟು 3672. ಪ್ರತಿಯೊಂದಕ್ಕೂ ನಂಬರ್. ನಮ್ಮ ಥರದ ಭಾರಜಲ ರಿಯಾಕ್ಟರಿನ ವಿಶೇಷ ಅಂದರೆ ಓಡುತ್ತಿರುವಾಗಲೇ ಇಂಧನ ಬದಲಾಯಿಸಬಹುದು. ಕೈಗಾದ ಮೊದಲ ಘಟಕ 962 ದಿನ ನಿಲ್ಲದೆ ಓಡಿ 2018ರ ಡಿಸೆಂಬರ್ 31ಕ್ಕೆ ನಿಂತಾಗ ಅದು ವಿಶ್ವದಾಖಲೆ ಆಗಿತ್ತು. ಅದು ಸಾಧ್ಯವಾಗಿದ್ದು ಇದರಿಂದಲೇ. ತಪಾಸಣೆ ಮಾಡುವವರಿಗೆ ತಲೆನೋವೂ ಇದರಿಂದಲೇ. ಬೇರೆ ಥರದ ರಿಯಾಕ್ಟರ್ ಆದರೆ ನಿಲ್ಲಿಸಿ, ಮುಚ್ಚಳ ತೆಗೆದ ಮೇಲೆ ಇಂಧನ ಹೊರಗೆ ಬರಬೇಕು. ನಮ್ಮದರಲ್ಲಿ ಬಂಡಲ್‌ಗಳು ಬರುತ್ತಲೇ ಇರುತ್ತವೆ, ಹೋಗುತ್ತಲೇ ಇರುತ್ತವೆ. ಹಾಗಾಗಿ ಎಣಿಸುತ್ತಲೇ ಇರಬೇಕು.

ಆದರೆ ಕೈಗಾದಲ್ಲಿ ನಾನು ಎಣಿಸಿದ್ದನ್ನು ವಿಯೆನ್ನಾದವರು ಯಾರೂ ಎಣಿಸಲಿಲ್ಲ. ಅಮೆರಿಕದ ಜೊತೆ ಅಣುಒಪ್ಪಂದ ಆದಾಗ ನಾವು 14 ರಿಯಾಕ್ಟರುಗಳನ್ನು ತಪಾಸಣೆಗೆ ಒಪ್ಪಿಸಿದೆವು, 8ನ್ನು ಹೊರಗೆ ಇಟ್ಟುಕೊಂಡೆವು. ಕೈಗಾದ ನಾಲ್ಕೂ ಆ 8ರಲ್ಲಿ ಸೇರಿವೆ. ಆ ಒಪ್ಪಂದಕ್ಕೆ ಬೇಕಾಗಿದ್ದ ಒಂದು ದೊಡ್ಡ ಒಪ್ಪಿಗೆ ಸಿಕ್ಕಿದ್ದೂ ಇದೇ ವಿಯೆನ್ನಾದಲ್ಲಿ. 2008ರ ಸೆಪ್ಟೆಂಬರ್ 6ರಂದು ಎನ್‌ಎಸ್‌ಜಿ, ಅಂದರೆ ಅಣುಸಾಮಗ್ರಿ ಮಾರುವ ದೇಶಗಳ ಗುಂಪು, ನಮಗೆ ವಿನಾಯಿತಿ ಕೊಟ್ಟಿತು. ಕೊನೆಯ ಗಳಿಗೆವರೆಗೂ ಅಡ್ಡ ನಿಂತವರಲ್ಲಿ ಆಸ್ಟ್ರಿಯಾನೂ ಒಂದು. ಆಗ ನಮಗೆ ಸಿಟ್ಟು ಬಂದಿತ್ತು. ಇಲ್ಲಿಗೆ ಬಂದ ಮೇಲೆ ಅವರ ಮನಸ್ಸು ಸ್ವಲ್ಪ ಅರ್ಥ ಆಯಿತು. ಇವರು ತ್ಸ್ವೆಂಟೆನ್‌ಡೋರ್ಫ್ ಅನ್ನುವ ಊರಿನಲ್ಲಿ ಒಂದು ಪೂರ್ತಿ ರಿಯಾಕ್ಟರ್ ಕಟ್ಟಿ, 1978ರಲ್ಲಿ ಜನಮತ ಕೇಳಿ, ಒಂದು ದಿನವೂ ಓಡಿಸದೆ ಬಿಟ್ಟವರು. ಬೇಡ ಅಂದವರು 50.47 ಪರ್ಸೆಂಟ್ ಅಷ್ಟೇ. ಆದರೂ ಆ ಮಾತಿಗೆ ಕಟ್ಟುಬಿದ್ದರು. ಅದನ್ನೂ ನೋಡಲು ಬಿಡುತ್ತಾರಂತೆ, ಮುಂದಿನ ಸಲ ಹೋಗಬೇಕು.

ಎನ್‌ಎಸ್‌ಜಿ ಹುಟ್ಟಿದ್ದೇ ನಮ್ಮಿಂದ ಅಂತ ಎಷ್ಟು ಜನರಿಗೆ ಗೊತ್ತೋ. ಕೆನಡಾದವರು ಶಾಂತಿಯ ಕೆಲಸಕ್ಕೆ ಅಂತ ಕೊಟ್ಟ ಸೈರಸ್ ರಿಯಾಕ್ಟರಿನ ಪ್ಲುಟೋನಿಯಂ 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಸಿಡಿಯಿತು. ಆ ತಂಡದ ಮುಂದಾಳು ನಮ್ಮ ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. ಕೆನಡಾ ಕೈ ಬಿಟ್ಟು ಹೋಯಿತು, ಉಳಿದವರು ಸೇರಿ ಸಾಮಾನು ಮಾರುವುದಕ್ಕೆ ಕಟ್ಟುನಿಟ್ಟು ಮಾಡಿದರು. ರಾವತ್‌ಭಾಟಾದ ಎರಡನೇ ರಿಯಾಕ್ಟರನ್ನು ನಮ್ಮವರೇ ಮುಗಿಸಬೇಕಾಯಿತು, ಮುಗಿಸಿದರು. ನಮಗೆ ಪಾಠ ಹೇಳಿದವರು ಅದೇ ಹಿರಿಯರು. ಅವರ ಬಗ್ಗೆ ನನಗಿರುವ ಗೌರವ ಹೇಳಿ ತೀರುವಂಥದ್ದಲ್ಲ. ಅದರ ಜೊತೆಗೇ ಇನ್ನೊಂದು ಮಾತೂ ನಿಜ. ಕೊಟ್ಟವರು ಒಂದು ಅಂದುಕೊಂಡು ಕೊಟ್ಟರು, ನಾವು ಇನ್ನೊಂದು ಮಾಡಿದೆವು. ಬಂದು ಎಣಿಸುವವರು ಬೇಕು ಅಂತ ಜಗತ್ತಿಗೆ ಅನ್ನಿಸಿದ್ದರಲ್ಲಿ ನಮ್ಮ ಪಾಲೂ ಇದೆ. ಆ ಗೋಡೆಯ ಮುಂದೆ ಇದೆಲ್ಲ ಒಟ್ಟಿಗೆ ನೆನಪಾಯಿತು.

ಮೊಮ್ಮಗ ಗೈಡನ್ನು ಜರ್ಮನ್‌ನಲ್ಲಿ ಕೇಳಿದ, ಇನ್ಸ್‌ಪೆಕ್ಟರ್ ಅಂದರೆ ಪೊಲೀಸಾ ಅಂತ. ಅಲ್ಲ, ಅಂದಳು. ಅವರ ಹತ್ತಿರ ಕೋಲೂ ಇಲ್ಲ, ಬಂದೂಕೂ ಇಲ್ಲ. ಒಂದು ದೇಶ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ, ಬಾಗಿಲು ತೆಗೆದಷ್ಟೇ ಒಳಗೆ ಹೋಗುತ್ತಾರೆ. ಹೋದವರು ಹತ್ತು ಸೆಂಟಿಮೀಟರ್ ಚೌಕದ ಹತ್ತಿಬಟ್ಟೆಯಿಂದ ಮೇಜು, ಪೈಪು, ಗೋಡೆ ಒರೆಸಿಕೊಂಡು ಬರುತ್ತಾರೆ. ವಿಯೆನ್ನಾದ ಹೊರಗೆ ಸೈಬರ್ಸ್‌ಡೋರ್ಫ್‌ನಲ್ಲಿ ಅದರ ಲ್ಯಾಬ್ ಇದೆ. ಬಟ್ಟೆಗೆ ಅಂಟಿದ ಕಣ್ಣಿಗೆ ಕಾಣದ ಧೂಳಿನಲ್ಲಿ ಎಂಥ ಯುರೇನಿಯಂ ಇತ್ತು ಅಂತ ಹೇಳಿಬಿಡುತ್ತಾರೆ. 2003ರಲ್ಲಿ ಟೆಹ್ರಾನಿನ ಕಲಾಯೆ ಎಲೆಕ್ಟ್ರಿಕ್ ಅನ್ನುವ ವರ್ಕ್‌ಶಾಪಿನಲ್ಲಿ ಹೀಗೇ ಆಯಿತು. ಗೋಡೆಗೆ ಹೊಸ ಬಣ್ಣ ಹೊಡೆದಿದ್ದರೂ ಹೆಚ್ಚು ಸಂವರ್ಧಿತ ಯುರೇನಿಯಂನ ಕಣ ಸಿಕ್ಕಿತು.

ಇರಾನಿನ ಮಾತು ಬಂತಲ್ಲ, ಗುಂಪಿನಲ್ಲಿ ಎಲ್ಲರೂ ಹತ್ತಿರ ಬಂದರು. ಗೈಡ್ ಯಾರ ಪರವಾಗಿಯೂ ಮಾತಾಡಲಿಲ್ಲ. ಆಗಿದ್ದಿಷ್ಟು ಅಂತ ಮಾತ್ರ ಹೇಳಿದಳು, ಅದು ನನಗೆ ಹಿಡಿಸಿತು. 2015ರ ಜುಲೈ 14ರಂದು ಅಮೆರಿಕ ಮತ್ತು ಇತರ ದೇಶಗಳಿಗೂ ಇರಾನಿಗೂ ಅಣುಒಪ್ಪಂದ ಆಗಿ ಮಂತ್ರಿಗಳೆಲ್ಲ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡಿದ್ದು ಇದೇ ಕಟ್ಟಡದಲ್ಲಿ. ಅದಕ್ಕೆ ಮುಂಚೆ ಎರಡು ವಾರಕ್ಕೂ ಜಾಸ್ತಿ ಊರೊಳಗಿನ ಪಾಲೇ ಕೋಬುರ್ಗ್ ಹೋಟೆಲಿನಲ್ಲಿ ಹಗಲುರಾತ್ರಿ ಮಾತುಕತೆ ನಡೆದಿತ್ತು. ನನ್ನಂಥವನಿಗೆ ಆ ಒಪ್ಪಂದ ಇಷ್ಟ ಆಗುವುದು ಅದರಲ್ಲಿ ಭಾಷಣ ಕಡಿಮೆ, ಲೆಕ್ಕ ಜಾಸ್ತಿ ಅನ್ನುವ ಕಾರಣಕ್ಕೆ. ಯುರೇನಿಯಂನಲ್ಲಿ ಯು-235, ಅಂದರೆ ಸುಲಭವಾಗಿ ಸೀಳುವ ಬಗೆ, 3.67 ಪರ್ಸೆಂಟ್ ದಾಟಬಾರದು. ಸ್ಟಾಕ್ 300 ಕೆಜಿ ಮೀರಬಾರದು. ನತಾನ್ಜ್‌ನಲ್ಲಿ ಆ ಪರ್ಸೆಂಟ್ ಏರಿಸುವ 5060 ಯಂತ್ರ ಮಾತ್ರ ತಿರುಗಬೇಕು. ಅರಾಕ್‌ನ ಭಾರಜಲ ರಿಯಾಕ್ಟರಿನ ಕ್ಯಾಲಂಡ್ರಿಯಾ ಹೊರತೆಗೆದು ಅದರ ತೂತುಗಳಿಗೆ ಕಾಂಕ್ರೀಟ್ ತುಂಬಬೇಕು. ತುಂಬಿದರು ಕೂಡ. ಕ್ಯಾಲಂಡ್ರಿಯಾ ಅಂದರೆ ನಮ್ಮ ಥರದ ರಿಯಾಕ್ಟರಿನ ಹೊಟ್ಟೆ. ಅದಕ್ಕೆ ಕಾಂಕ್ರೀಟ್ ಸುರಿಯುವುದನ್ನು ಅಲ್ಲಿನ ಆಪರೇಟರುಗಳು ನಿಂತು ನೋಡಿರಬೇಕಲ್ವಾ? ಅವರ ಹೊಟ್ಟೆಯಲ್ಲಿ ಏನಾಗಿರಬಹುದು ಅಂತ ನಾನು ಬಲ್ಲೆ.

2018ರ ಮೇ 8ರಂದು ಅಮೆರಿಕ ಒಪ್ಪಂದದಿಂದ ಆಚೆ ಬಂತು. ಮುಂದಿನದು ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದು. 2021ಕ್ಕೆ ಇರಾನ್ 60 ಪರ್ಸೆಂಟ್ ಮುಟ್ಟಿತು. 2022ರಲ್ಲಿ ಐಎಇಎಯ 27 ಕ್ಯಾಮೆರಾ ತೆಗೆಸಿತು. 2025ರ ಜೂನ್ 12ರಂದು ಇಲ್ಲೇ ಐಎಇಎ ಮಂಡಳಿ ಇರಾನ್ ತನ್ನ ಮಾತು ನಡೆಸಿಲ್ಲ ಅಂತ ಮತ ಹಾಕಿತು. ಮರುದಿನವೇ ಇಸ್ರೇಲ್ ಬಾಂಬ್ ಹಾಕಿತು. ಜೂನ್ 22ಕ್ಕೆ ಅಮೆರಿಕವೂ ಫೋರ್ಡೋ, ನತಾನ್ಜ್, ಇಸ್ಫಹಾನ್ ಮೇಲೆ ಹಾಕಿತು. ಆಗ ಇರಾನ್ ಬಳಿ 60 ಪರ್ಸೆಂಟಿನ ಯುರೇನಿಯಂ 440.9 ಕೆಜಿ ಇತ್ತು ಅನ್ನುವುದು ಐಎಇಎ ಲೆಕ್ಕ. ನಾನು ಅಲ್ಲೇ ಮನಸ್ಸಿನಲ್ಲಿ ಗುಣಾಕಾರ ಮಾಡಿದೆ. ಒಳಗಿರುವ ಯು-235 ಸುಮಾರು 264 ಕೆಜಿ. ಒಂದು ಬಾಂಬಿಗೆ ಸಾಕಾಗಬಹುದು ಅಂತ ಐಎಇಎ ಇಟ್ಟುಕೊಂಡ ಅಳತೆ 25 ಕೆಜಿ. ಹತ್ತಕ್ಕಿಂತ ಜಾಸ್ತಿ ಆಯಿತು. ನಾನು ಅಲ್ಲಿ ನಿಂತಿದ್ದ ದಿನ, ಐಎಇಎಯವರು ಆ ಯುರೇನಿಯಂ ಡಬ್ಬಗಳನ್ನು ಕಣ್ಣಾರೆ ನೋಡಿ ಎಣಿಸಿ ನಾಲ್ಕು ತಿಂಗಳ ಮೇಲಾಗಿತ್ತು.

ನಾಲ್ಕು ತಿಂಗಳು! ನಮ್ಮ ರಿಜಿಸ್ಟರಿನಲ್ಲಿ ಒಂದು ಬಂಡಲ್‌ನ ನಂಬರ್ ತಪ್ಪಾಗಿದ್ದರೆ ಶಿಫ್ಟ್ ಮುಗಿದರೂ ನಾವು ಮನೆಗೆ ಹೋಗುತ್ತಿರಲಿಲ್ಲ. ಬಾಂಬ್ ಹಾಕಿದರೆ ಯಂತ್ರ ಹಾಳಾಗಬಹುದು. ಲೆಕ್ಕವೂ ಹಾಳಾಗುತ್ತದೆ. ಲೆಕ್ಕ ತಪ್ಪಿದ ಮೇಲೆ ಯಾರಿಗೂ ನಿದ್ದೆ ಇಲ್ಲ, ಹಾಕಿದವರಿಗೂ ಇಲ್ಲ. ಈ ಟೂರ್ ನನಗೆ ಮನದಟ್ಟು ಮಾಡಿದ್ದು ಇದನ್ನೇ.

ಟೂರ್ ಮುಗಿಸಿ ಹೊರಗೆ ಬಂದಾಗ ಬಾಗಿಲ ಹತ್ತಿರ ಒಂದು ಕಲ್ಲಿನ ಮಂಟಪ ಇದೆ, ತಪ್ಪದೆ ನೋಡಿ. ಇರಾನ್ 2009ರಲ್ಲಿ ಕೊಟ್ಟ ಉಡುಗೊರೆ. ಒಳಗೆ ಉಮರ್ ಖಯ್ಯಾಮ್, ಅಲ್ ಬೀರೂನಿ, ರಾಝಿ, ಇಬ್ನ್ ಸೀನಾ ನಾಲ್ವರ ಪ್ರತಿಮೆ. ಬೀರೂನಿ ನಮ್ಮ ದೇಶಕ್ಕೆ ಬಂದು ಸಂಸ್ಕೃತ ಕಲಿತು ನಮ್ಮ ಬಗ್ಗೆ ಬರೆದವನು. ನಮ್ಮ ಗುಂಪಿನಲ್ಲಿದ್ದ ಒಬ್ಬ ಹಿರಿಯರು ಅಲ್ಲಿ ನಿಂತಿದ್ದರು. ಇರಾನಿನವರು, ಬಹಳ ವರ್ಷದಿಂದ ವಿಯೆನ್ನಾದಲ್ಲೇ ಇದ್ದಾರಂತೆ. ಒಳಗೆ ಒಂದು ಮಾತೂ ಆಡಿರಲಿಲ್ಲ. ಫ್ಲಾಸ್ಕಿನ ಚಹಾ ಅವರಿಗೂ ಕೊಟ್ಟೆವು. ತಂಗಿ ಇಸ್ಫಹಾನಿನಲ್ಲಿದ್ದಾಳೆ, ಜೂನ್‌ನಲ್ಲಿ ಎಷ್ಟೋ ದಿನ ಫೋನ್ ಸಿಗಲೇ ಇಲ್ಲ ಅಂದರು.

ಮೇ ತಿಂಗಳಲ್ಲಿ ನಮ್ಮ ಮಗಳೂ ಹೀಗೇ ಇಲ್ಲಿಂದ ಗಳಿಗೆಗೊಮ್ಮೆ ಫೋನ್ ಮಾಡುತ್ತಿದ್ದಳು. ಭಾರತ ಪಾಕಿಸ್ತಾನದ ಆ ನಾಲ್ಕು ದಿನ. ನಮ್ಮ ಮನೆ ಕಾರವಾರ. ಒಂದು ಕಡೆ ನೌಕಾನೆಲೆ, ಇನ್ನೊಂದು ಕಡೆ ಕೈಗಾ. "ಅಪ್ಪಾ, ಇಲ್ಲಿಗೆ ಬಂದುಬಿಡಿ" ಅಂತ ಒಂದೇ ಸಮ. ನಾನು ಅವಳಿಗೆ ಹೇಳಿದ್ದನ್ನೇ ಆ ಹಿರಿಯರಿಗೂ ಹೇಳಿದೆ. ನಮ್ಮ ಎರಡು ದೇಶದ ನಡುವೆ ಒಂದು ಕಾಗದ ಇದೆ. 1988ರ ಡಿಸೆಂಬರ್ 31ರಂದು ಇಸ್ಲಾಮಾಬಾದ್‌ನಲ್ಲಿ, ರಾಜೀವ್ ಗಾಂಧಿ ಮತ್ತು ಬೆನಜೀರ್ ಭುಟ್ಟೋ ಇದ್ದಾಗ ಆದ ಒಪ್ಪಂದ. ಒಬ್ಬರ ಅಣುಸ್ಥಾವರದ ಮೇಲೆ ಇನ್ನೊಬ್ಬರು ದಾಳಿ ಮಾಡುವಂತಿಲ್ಲ. ಪ್ರತಿ ಜನವರಿ 1ಕ್ಕೆ ಇಬ್ಬರೂ ತಮ್ಮ ತಮ್ಮ ಸ್ಥಾವರಗಳ ಪಟ್ಟಿ ಕೊಟ್ಟು ತಗೋಬೇಕು. ವಿದ್ಯುತ್ ರಿಯಾಕ್ಟರುಗಳು ಆ ಪಟ್ಟಿಯಲ್ಲಿ ಇರಲೇಬೇಕು, ಅಂದಮೇಲೆ ನಮ್ಮ ಕೈಗಾನೂ ಇದೆ. 1992ರಲ್ಲಿ ಶುರುವಾಗಿದ್ದು ಕಾರ್ಗಿಲ್ ಆದಾಗಲೂ ನಿಲ್ಲಲಿಲ್ಲ, ಮುಂಬೈ ದಾಳಿ ಆದಾಗಲೂ ನಿಲ್ಲಲಿಲ್ಲ, ಪುಲ್ವಾಮಾ ಆದಾಗಲೂ ನಿಲ್ಲಲಿಲ್ಲ. 2025ರ ಜನವರಿಯದು 34ನೇ ಸಲ.

ಆ ನಾಲ್ಕು ದಿನ ಮುಗಿದ ಮೇಲೂ ನಮ್ಮ ವಾಟ್ಸಾಪ್‌ನಲ್ಲಿ ಪಾಕಿಸ್ತಾನದ ಕಿರಾನಾ ಬೆಟ್ಟದಲ್ಲಿ ವಿಕಿರಣ ಸೋರಿದೆ ಅಂತ ಏನೇನೋ ಓಡಾಡಿತು. ಹಾಗೆ ಯಾವ ಸೋರಿಕೆಯೂ ಪಾಕಿಸ್ತಾನದಲ್ಲಿ ಆಗಿಲ್ಲ ಅಂತ ಸ್ಪಷ್ಟ ಮಾಡಿದ್ದು ಇದೇ ಕಟ್ಟಡದವರು, ಐಎಇಎ. ಅವರು ಹೇಳಿದ್ದು ಓದಿದ ಮೇಲೆ ನಾನು ಗ್ರೂಪಿನಲ್ಲಿ ಹಾಕಿದೆ. ಕೆಲವರು ಬೈದರು.

ಆ ಹಿರಿಯರು ಚಹಾದ ಲೋಟ ಹಿಡಿದುಕೊಂಡು ಸುಮ್ಮನೆ ಕೇಳಿದರು. ಆಮೇಲೆ ಒಂದೇ ಮಾತು ಹೇಳಿದರು, "ನಮಗೆ ಅಂಥ ಒಂದು ಕಾಗದ ಇರಲಿಲ್ಲ."

ಹೋಗುವವರಿಗೆ ಇನ್ನೆರಡು ಮಾತು. ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿ. ಒಳಗೆ ಸಭೆ ನಡೆಯುತ್ತಿದ್ದರೆ ಕೆಲವು ಹಾಲ್ ತೋರಿಸುವುದಿಲ್ಲ, ಅದು ದಿನದಿನಕ್ಕೆ ಬೇರೆ. ನಡೆಯುವುದು ಜಾಸ್ತಿ ಇಲ್ಲ, ಮಂಡಿನೋವಿನ ನನ್ನ ಹೆಂಡತಿ ಆರಾಮಾಗಿ ಸುತ್ತಿದಳು. ಐಎಇಎ ಕಚೇರಿಗಳ ಒಳಗೆ, ಸೀಲು ಬಿಚ್ಚಿ ನೋಡುವ ಮೇಜಿನ ತನಕ ಕರೆದುಕೊಂಡು ಹೋಗುತ್ತಾರೆ ಅಂದುಕೊಳ್ಳಬೇಡಿ, ಅದು ಆಗುವಂಥದ್ದಲ್ಲ. ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ. ಸ್ಟಾರ್ ಕೊಡಿ ಅಂದರೆ ನಾನು ಐದಕ್ಕೆ ಐದು ಕೊಡುತ್ತೇನೆ. ಇನ್ನರ್ಧ ಗಂಟೆ ಇದ್ದಿದ್ದರೆ ಆರು ಕೊಡುತ್ತಿದ್ದೆ.

ಅಲ್ಲಿ ವಿಶ್ವಸಂಸ್ಥೆಯದೇ ಅಂಚೆಚೀಟಿ ಸಿಗುತ್ತದೆ. ಆ ಚೀಟಿ ಅಂಟಿಸಿದ ಕಾಗದವನ್ನು ಅಲ್ಲಿಂದಲೇ ಪೋಸ್ಟ್ ಮಾಡಬೇಕು, ಹೊರಗೆ ನಡೆಯುವುದಿಲ್ಲ. ಒಂದು ಕಾರ್ಡ್ ಕೊಂಡು, ರಾವತ್‌ಭಾಟಾದಲ್ಲಿ ನನ್ನ ಜೊತೆ ಟಾರ್ಚ್ ಹಿಡಿದಿದ್ದ ಗೆಳೆಯನಿಗೆ ಬರೆದೆ. ಅವನೀಗ ಮಲ್ಲಾಪುರದ ಹತ್ತಿರ ತೋಟ ಮಾಡಿಕೊಂಡಿದ್ದಾನೆ. "ವಿಯೆನ್ನಾದಲ್ಲಿ ಹೇಗೆ ಗೊತ್ತಾಗುತ್ತದೆ ಅಂತ ಗೊತ್ತಾಯಿತು. ಒಳಗಡೆ ಗೀರಿರುತ್ತಾರೆ" ಅಂತ ಇಷ್ಟೇ ಬರೆದೆ.

ಮೂರು ವಾರ ಆದ ಮೇಲೆ ಫೋನ್ ಮಾಡಿದ. ಕ್ಷೇಮ ಸಮಾಚಾರ ಏನೂ ಇಲ್ಲ. "ಯಾವುದರಿಂದ ಗೀರ್ತಾರೋ?" ಅಂದ. ಅದನ್ನು ಕೇಳುವುದಕ್ಕೆ ನನಗೆ ಹೊಳೆದೇ ಇರಲಿಲ್ಲ.